ಐದು ಸಹಿ

ನನ್ನ ಮೇಜಿನ ಡ್ರಾಯರಿನಲ್ಲಿ ಉಕ್ಕಿನದೊಂದು ಮೊಹರು ಇದೆ. ಅದರ ಬಾಯಿಗೆ ಕಾಗದ ಕೊಟ್ಟು ಹಿಡಿಯನ್ನು ಅದುಮಿದರೆ ದುಂಡನೆಯ ಉಬ್ಬು ಗುರುತು ಮೂಡುತ್ತದೆ. ಸುತ್ತಲೂ ಅಮೆರಿಕದ ಒಂದು ರಾಜ್ಯದ ಹೆಸರು, ನಡುವೆ ನನ್ನ ಹೆಸರು, ಅದರ ಕೆಳಗೆ ಒಂದು ಸಂಖ್ಯೆ. ಅಲ್ಲಿ ಸುಮಾರು ಮೂವತ್ತು ವರ್ಷ ಸೇತುವೆಗಳ ವಿನ್ಯಾಸ ಮಾಡಿ, ನಿವೃತ್ತನಾಗಿ ಊರಿಗೆ ಮರಳುವಾಗ ಪುಸ್ತಕಗಳನ್ನೆಲ್ಲ ಅಲ್ಲಿಯೇ ಹಂಚಿ ಬಂದೆ. ಈ ಮೊಹರನ್ನು ಮಾತ್ರ ಬಿಟ್ಟು ಬರಲು ಮನಸ್ಸಾಗಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಈ ಮೊಹರಿನ ಕಥೆಯನ್ನು, ಅದಕ್ಕಿಂತ ಹೆಚ್ಚಾಗಿ ಇದು ಕೈಗೆ ಸಿಗದೆ ಉಳಿದವರ ಕಥೆಯನ್ನು.

ಅಮೆರಿಕದಲ್ಲಿ ಇಂಜಿನಿಯರಿಂಗ್ ಪದವಿ ಇದ್ದ ಮಾತ್ರಕ್ಕೆ ಯಾರೂ ಸೇತುವೆಯ ನಕ್ಷೆಗೆ ತಮ್ಮ ಹೊಣೆಯ ಮೇಲೆ ಸಹಿ ಹಾಕುವಂತಿಲ್ಲ. ಅದಕ್ಕೆ 'ಪ್ರೊಫೆಷನಲ್ ಇಂಜಿನಿಯರ್' ಎಂಬ ಲೈಸೆನ್ಸ್ ಬೇಕು. ಆಡುಮಾತಿನಲ್ಲಿ ಅದಕ್ಕೆ ಪಿ.ಇ. ಎನ್ನುತ್ತಾರೆ. ಕೊಡುವುದು ಆಯಾ ರಾಜ್ಯದ ಬೋರ್ಡು. ಮಾನ್ಯತೆ ಪಡೆದ ಕಾಲೇಜಿನ ಪದವಿ ಮೊದಲ ಮೆಟ್ಟಿಲು. ಮೂಲಪಾಠಗಳ ಮೇಲಿನ ಪರೀಕ್ಷೆ ಎರಡನೆಯದು. ಆಮೇಲೆ ಸಾಮಾನ್ಯವಾಗಿ ಪಿ.ಇ. ಒಬ್ಬರ ಕೈಕೆಳಗೆ ನಾಲ್ಕು ವರ್ಷದ ಅನುಭವ. ಅದಾದ ಮೇಲೆ ವೃತ್ತಿಯ ದೊಡ್ಡ ಪರೀಕ್ಷೆ. ಇವೆಲ್ಲದರ ಜೊತೆಗೆ, 'ಈತ ಯೋಗ್ಯ, ಈತನ ಕೆಲಸವನ್ನು ನಾನು ಕಂಡಿದ್ದೇನೆ' ಎಂದು ಬರೆದುಕೊಡುವ ಸಾಕ್ಷಿಗಳು. ಹಲವು ರಾಜ್ಯಗಳಲ್ಲಿ ಐದು ಜನ ಸಾಕ್ಷಿಗಳು ಬೇಕು, ಅವರಲ್ಲಿ ಮೂವರಾದರೂ ಪಿ.ಇ. ಆಗಿರಬೇಕು.

ಈ ಕಟ್ಟುಪಾಡು ಸುಮ್ಮನೆ ಹುಟ್ಟಿದ್ದಲ್ಲ. 1907ರಲ್ಲಿ ವಯೋಮಿಂಗ್ ರಾಜ್ಯ ಇಂಥ ಮೊದಲ ಕಾನೂನು ಮಾಡಿತು. ಅದು ಮಳೆ ಕಡಿಮೆಯ ನಾಡು, ನೀರಿನ ಹಕ್ಕಿಗಾಗಿ ಅರ್ಜಿ ಹಾಕುವವರು ಕಾಲುವೆಯ ನಕ್ಷೆ ಕೊಡಬೇಕಿತ್ತು. ಲೆಕ್ಕ ಬಾರದ ವಕೀಲರು, ನೋಟರಿಗಳು ಎಲ್ಲರೂ ತಮಗೆ ತೋಚಿದಂತೆ ಗೆರೆ ಎಳೆದು ಸಹಿ ಹಾಕುತ್ತಿದ್ದರು. ನೀರು ಗೆರೆಯನ್ನು ನೋಡಿ ಹರಿಯುವುದಿಲ್ಲವಲ್ಲ! ಮುಂದೆ 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಅಡಿಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ತುಂಬಿಕೊಂಡಿತ್ತು. ಕಾರ್ಯಾಗಾರದಲ್ಲಿ ಯಂತ್ರದ ಗುಂಡಿ ಒತ್ತಿದಾಗ ಎದ್ದ ಕಿಡಿಗೆ ಇಡೀ ಕಟ್ಟಡ ಸಿಡಿಯಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಟೆಕ್ಸಸ್ ಅದೇ ವರ್ಷ ಇಂಜಿನಿಯರುಗಳ ನೋಂದಣಿ ಕಾನೂನು ತಂದಿತು. ಆದ್ದರಿಂದ ಲೈಸೆನ್ಸಿನ ಮೇಲೆ ನನಗೆ ದೂರಿಲ್ಲ. ಸೇತುವೆ ಕಟ್ಟುವವನ ಕೈಯನ್ನು ಸಮಾಜ ಪರೀಕ್ಷಿಸಬೇಕು. ನನ್ನ ಪ್ರಶ್ನೆ ಬೇರೆ. ಪರೀಕ್ಷೆಯ ಕೋಣೆಯ ಬಾಗಿಲವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಆಗಿದೆಯೇ?

ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಮೆರಿಕದ ಒಟ್ಟು ಉದ್ಯೋಗಿಗಳಲ್ಲಿ ಆಫ್ರಿಕನ್ ಅಮೆರಿಕನ್ನರು, ಅಂದರೆ ಅಲ್ಲಿನ ಕಪ್ಪು ಜನಾಂಗದವರು, ನೂರಕ್ಕೆ 11 ಮಂದಿ. ಇಂಜಿನಿಯರಿಂಗ್ ಕೆಲಸಗಳಲ್ಲಿ ನೂರಕ್ಕೆ 5. ಲೈಸೆನ್ಸಿನ ಮಾತು ಬರುವ ಮೊದಲೇ ಸಾಲು ಅರ್ಧಕ್ಕಿಂತ ಕಡಿಮೆಯಾಗಿದೆ. ಅದಕ್ಕೆ ಇತಿಹಾಸವಿದೆ.

ಅಯೋವಾ ರಾಜ್ಯದ ಆರ್ಚಿ ಅಲೆಕ್ಸಾಂಡರ್ ಎಂಬವರ ಕಥೆಯನ್ನು ಕೇಳಿ. 1888ರಲ್ಲಿ ಹುಟ್ಟಿದವರು, ತಂದೆ ಕಟ್ಟಡ ಗುಡಿಸಿ ಕಾಯುವ ಕೆಲಸದವರು. ಕಪ್ಪು ಹುಡುಗನಿಗೆ ಈ ವೃತ್ತಿಯಲ್ಲಿ ಭವಿಷ್ಯವಿಲ್ಲವೆಂದು ಕಾಲೇಜಿನಲ್ಲೇ ಬುದ್ಧಿವಾದ ಹೇಳಿದವರಿದ್ದರು. ಆದರೂ ಅವರು 1912ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಇಂಜಿನಿಯರ್ ಆಗಿ ಹೊರಬಂದರು. ಯಾವ ಕಂಪನಿಯೂ ಇಂಜಿನಿಯರನಾಗಿ ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಸೇತುವೆ ಕಂಪನಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿಗೆ ಸೇರಿದರು. ಸ್ವಲ್ಪ ಕಾಲದಲ್ಲೇ ಆ ಕಂಪನಿಯ ಸೇತುವೆ ಕೆಲಸಗಳ ಉಸ್ತುವಾರಿ ಅವರ ಕೈಗೆ ಬಂತು, ಎರಡೇ ವರ್ಷದಲ್ಲಿ ಸ್ವಂತ ಕಂಪನಿ ಕಟ್ಟಿದರು. ವಾಷಿಂಗ್ಟನ್ ನಗರದ ಟೈಡಲ್ ಬೇಸಿನ್ ಸೇತುವೆ, ವೈಟ್‌ಹರ್ಸ್ಟ್ ಮೇಲ್ರಸ್ತೆ, ಎರಡನೆಯ ಮಹಾಯುದ್ಧದಲ್ಲಿ ಕಪ್ಪು ವಿಮಾನಚಾಲಕರು ತರಬೇತಿ ಪಡೆದ ಟಸ್ಕೀಗಿಯ ಮೋಟನ್ ವಿಮಾನ ನಿಲ್ದಾಣ, ಇವೆಲ್ಲ ಅವರ ಕಂಪನಿ ಕಟ್ಟಿದವು. ಅವರ ಕಥೆ ಕೇಳಿದವರು 'ನೋಡಿ, ಛಲವಿದ್ದರೆ ಆಗುತ್ತದೆ' ಎನ್ನುವುದುಂಟು. ನನಗೆ ಕಾಣುವುದು ಇನ್ನೊಂದು. ಪದವಿ ಇದ್ದವನನ್ನು ಕೂಲಿಗೆ ಮಾತ್ರ ತೆಗೆದುಕೊಂಡರೆ, ಅವನ ಹೆಸರಿನಲ್ಲಿ ಇಂಜಿನಿಯರನ ಅನುಭವವೇ ದಾಖಲಾಗುವುದಿಲ್ಲ. ಸ್ವಂತ ಕಂಪನಿ ಕಟ್ಟುವ ಕಸುವು ಎಷ್ಟು ಜನಕ್ಕೆ ಇರುತ್ತದೆ?

ದಕ್ಷಿಣದ ರಾಜ್ಯಗಳಲ್ಲಂತೂ ದಶಕಗಳ ಕಾಲ ಸರ್ಕಾರಿ ವಿಶ್ವವಿದ್ಯಾಲಯಗಳೇ ಕಪ್ಪು ಹುಡುಗರಿಗೆ ಮುಚ್ಚಿದ್ದವು. ಅವರಿಗಾಗಿ ಇದ್ದ ಕಾಲೇಜುಗಳಿಗೆ ಪ್ರಯೋಗಶಾಲೆಗೆ, ಯಂತ್ರಗಳಿಗೆ ದುಡ್ಡು ಸಿಗುತ್ತಿರಲಿಲ್ಲ. ದುಡ್ಡಿಲ್ಲದ ಕಾಲೇಜಿಗೆ ಮಾನ್ಯತೆ ಸಿಗುವುದು ಕಷ್ಟ, ಮಾನ್ಯತೆ ಇಲ್ಲದ ಪದವಿಗೆ ಲೈಸೆನ್ಸಿನ ದಾರಿ ಇನ್ನಷ್ಟು ವರ್ಷ ಉದ್ದ. 1970ರ ದಶಕದಲ್ಲಿ ಕಪ್ಪು ಜನಾಂಗದವರ ಇಂಜಿನಿಯರಿಂಗ್ ಕಾಲೇಜು ಎಂದರೆ ಬೆರಳೆಣಿಕೆಯ ಆರರ ಹೆಸರು ಹೇಳುತ್ತಿದ್ದರು: ಹೋವರ್ಡ್, ಟಸ್ಕೀಗಿ, ನಾರ್ತ್ ಕೆರೊಲಿನಾ ಎ ಅಂಡ್ ಟಿ, ಪ್ರೇರಿ ವ್ಯೂ, ಸದರ್ನ್, ಟೆನೆಸೀ ಸ್ಟೇಟ್. ಹೀಗಾಗಿ ಒಂದು ತಲೆಮಾರಿನಲ್ಲಿ ಕಪ್ಪು ಪಿ.ಇ.ಗಳು ವಿರಳರಾದರು. ಮುಂದಿನ ತಲೆಮಾರಿನ ಹುಡುಗ ಸಾಕ್ಷಿ ಹುಡುಕಲು ಹೊರಟಾಗ ಅವನ ಮನೆಯಲ್ಲಿ, ಕೇರಿಯಲ್ಲಿ, ಚರ್ಚಿನಲ್ಲಿ ಮೊಹರು ಇದ್ದವರೇ ಇರಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಹಾಸನದ ಕಡೆಯವನು. ಕರ್ನಾಟಕದಲ್ಲೇ ಬಿ.ಇ. ಮುಗಿಸಿ, ಅಮೆರಿಕದಲ್ಲಿ ಎಂ.ಎಸ್. ಮಾಡಿ, ಅಲ್ಲಿಯೇ ಒಂದು ಕಂಪನಿ ಸೇರಿದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಬೋರ್ಡು ಕೇಳಿದ್ದು ಬಿ.ಇ. ಪದವಿಯ ಪೂರ್ತಿ ವಿವರವನ್ನು. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆಯಲ್ಲಿ ಹೋಗಬೇಕು, ಜೊತೆಗೆ ನಾನು ಓದಿದ ಪ್ರತಿಯೊಂದು ವಿಷಯದ ಸಿಲಬಸ್ ದೃಢೀಕರಿಸಿ ಕಳಿಸಬೇಕು. ನನ್ನ ಅಣ್ಣ ಕೆಲಸಕ್ಕೆ ರಜೆ ಹಾಕಿ, ಬಸ್ಸು ಹಿಡಿದು, ಮೂರು ಸಲ ಕಚೇರಿಗೆ ಅಲೆದ. ಹತ್ತು ವರ್ಷದ ಹಿಂದಿನ ಸಿಲಬಸ್ ಯಾವ ಕಪಾಟಿನಲ್ಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಒಬ್ಬ ಹಿರಿಯ ಗುಮಾಸ್ತರು ಅಟ್ಟದಿಂದ ಧೂಳು ಕೊಡವಿ ತೆಗೆದುಕೊಟ್ಟು, ಪುಟಪುಟಕ್ಕೂ ಸೀಲು ಒತ್ತಿದರು. ಅದೆಲ್ಲ ತಲುಪಿದ ಮೇಲೆ ಮೌಲ್ಯಮಾಪನ ಮಾಡಿದವರು ಬರೆದರು: ಗಣಿತ ಸಾಕಷ್ಟಿದೆ, ಇಂಜಿನಿಯರಿಂಗ್ ಸಾಕಷ್ಟಿದೆ, ಇತಿಹಾಸ, ಸಾಹಿತ್ಯದಂಥ ವಿಷಯಗಳ ಪಾಠ ಸಾಲದು. ಹಗಲು ಸೇತುವೆಯ ತೊಲೆಗಳ ಲೆಕ್ಕ ಹಾಕಿ, ಸಂಜೆ ಹತ್ತಿರದ ಕಾಲೇಜಿನಲ್ಲಿ ಹದಿನೆಂಟರ ಹುಡುಗರ ಜೊತೆ ಕೂತು ಅಮೆರಿಕದ ಇತಿಹಾಸ ಓದಿದೆ. ಈಗಲೂ ಹೊರದೇಶದ ಪದವಿಯನ್ನು ತೂಗಲು ಅಳತೆಗೋಲಿದೆ: ಮೇಲ್ಮಟ್ಟದ ಗಣಿತ ಮತ್ತು ವಿಜ್ಞಾನ 32 ಕ್ರೆಡಿಟ್, ಇಂಜಿನಿಯರಿಂಗ್ 48 ಕ್ರೆಡಿಟ್. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ದೇಶವಾಯಿತು, ಪದವಿಗಳ ಪರಸ್ಪರ ಮಾನ್ಯತೆಗೆ ಅದರಿಂದ ಬಲ ಬಂದಿದೆ. ಆದರೆ ಆ ಒಪ್ಪಂದ ಪದವಿಗೆ ಸಂಬಂಧಿಸಿದ್ದು. ಲೈಸೆನ್ಸ್ ಕೊಡುವ ಮಾತು ಇಂದಿಗೂ ಆಯಾ ರಾಜ್ಯದ ಬೋರ್ಡಿನದೇ.

ಹೊರಗಿನಿಂದ ಬಂದವರಿಗೆ ಒಂದು ಕಾಲದಲ್ಲಿ ಇದಕ್ಕಿಂತ ದೊಡ್ಡ ಗೋಡೆಯಿತ್ತು. ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದಲ್ಲಿ ಪೌರತ್ವ ಇಲ್ಲದವರಿಗೆ ಸಿವಿಲ್ ಇಂಜಿನಿಯರ್ ಲೈಸೆನ್ಸ್ ಕೊಡಕೂಡದೆಂಬ ಕಾನೂನಿತ್ತು. ಮೆಕ್ಸಿಕೊದಲ್ಲಿ ಹುಟ್ಟಿದ ಮರಿಯಾ ಫ್ಲೋರೆಸ್ ದೆ ಒತೆರೊ, ಸ್ಪೇನಿನಲ್ಲಿ ಹುಟ್ಟಿದ ಸೆರ್ಹಿಯೊ ಪೆರೆಸ್ ನೊಗೇರೊ ಎಂಬ ಇಬ್ಬರು ಇಂಜಿನಿಯರುಗಳು ಅದರ ವಿರುದ್ಧ ಕೋರ್ಟಿಗೆ ಹೋದರು. ನೊಗೇರೊ ಅವರಿಗೆ ಸರ್ಕಾರದ ಕೆಲಸಕ್ಕೆ ಮಾತ್ರ ನಡೆಯುವ ಷರತ್ತಿನ ಲೈಸೆನ್ಸ್ ಕೊಟ್ಟಿದ್ದರು. ಸರ್ಕಾರಕ್ಕೆ ಅವರ ಲೆಕ್ಕ ಸರಿ, ಊರಿನವರಿಗೆ ಸರಿಯಲ್ಲ ಎಂದ ಹಾಗಾಯಿತು. 1976ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಗ್ರೀನ್ ಕಾರ್ಡು, ಅಂದರೆ ಅಲ್ಲಿ ಕಾಯಂ ವಾಸದ ಪರವಾನಗಿ, ಹಿಡಿದ ಎಷ್ಟೋ ಕನ್ನಡದ ಇಂಜಿನಿಯರುಗಳು ಇಂದು ಮೊಹರು ಒತ್ತುತ್ತಿದ್ದಾರೆ. ಆ ಇಬ್ಬರ ಹೆಸರು ಅವರಿಗೆ ತಿಳಿದಿರಬೇಕೆಂದು ನನ್ನ ಆಸೆ.

ಬರೆದಿಟ್ಟ ಗೋಡೆಯನ್ನು ಕೋರ್ಟು ಕೆಡವಬಹುದು. ಬರೆಯದ ಗೋಡೆಯನ್ನು ಯಾರು ಕೆಡವಬೇಕು?

ನಮ್ಮ ಕಚೇರಿಯಲ್ಲಿ ನಾನು ಸೇರಿದ ವರ್ಷವೇ ಒಬ್ಬ ಕಪ್ಪು ಯುವಕ ಸೇರಿದ. ಮೊದಲು ಹೇಳಿದ ಆ ಆರು ಕಾಲೇಜುಗಳಲ್ಲಿ ಒಂದರಲ್ಲಿ ಓದಿದವನು. ಮೂಲಪಾಠಗಳ ಪರೀಕ್ಷೆಯನ್ನು ಕಾಲೇಜಿನಲ್ಲಿರುವಾಗಲೇ ಒಂದೇ ಸಲಕ್ಕೆ ಮುಗಿಸಿದ್ದ. ನನ್ನನ್ನು ವಿನ್ಯಾಸದ ಮೇಜಿಗೆ ಹಾಕಿದರು. ಅವನನ್ನು ಸೈಟಿಗೆ ಕಳಿಸಿದರು: ಕಾಂಕ್ರೀಟ್ ಬಂತೇ, ಕಂಬಿ ಎಷ್ಟು ಇಳಿಯಿತು, ಅಳತೆ ಸರಿಯಿದೆಯೇ ಎಂದು ನೋಡಿ ಬರೆಯುವ ಕೆಲಸ. ಅದು ಮುಖ್ಯವಾದ ಕೆಲಸವೇ, ಪ್ರತಿ ಇಂಜಿನಿಯರೂ ಒಂದೆರಡು ವರ್ಷ ಮಾಡಬೇಕಾದದ್ದು. ಅವನು ಐದು ವರ್ಷ ಮಾಡಿದ. 'ಸೈಟಿನಲ್ಲಿ ಕೂಲಿಯಾಳುಗಳ ಜೊತೆ ಅವನಿಗೆ ಚೆನ್ನಾಗಿ ಹೊಂದುತ್ತದೆ' ಎಂದು ಮೇಲಿನವರು ಹೇಳುತ್ತಿದ್ದರು. ಹೊಗಳಿಕೆಯ ಹಾಗೆ ಕೇಳುವ ಮಾತು ಅದು.

ಒಂದು ದಿನ ಮಧ್ಯಾಹ್ನ ಊಟದ ಕೋಣೆಯಲ್ಲಿ ಅವನು ಲೈಸೆನ್ಸಿನ ಅರ್ಜಿಯನ್ನು ಹರಡಿಕೊಂಡು ಕೂತಿದ್ದ. ಡಬ್ಬಿಯಲ್ಲಿದ್ದ ಊಟ ಮುಟ್ಟಿರಲಿಲ್ಲ. ಆ ಅರ್ಜಿಯಲ್ಲಿ ಅನುಭವದ ವಿವರಕ್ಕೆ ಪುಟಗಳಿವೆ. ಬೋರ್ಡು ಕೇಳುವುದು ಬರೀ ವರ್ಷಗಳ ಲೆಕ್ಕವನ್ನಲ್ಲ, ವರ್ಷದಿಂದ ವರ್ಷಕ್ಕೆ ಜವಾಬ್ದಾರಿ ಏರುತ್ತಾ ಹೋದ ಅನುಭವವನ್ನು. ಮೊದಲ ವರ್ಷ ಏನು ಮಾಡಿದೆ, ಎರಡನೆಯ ವರ್ಷ ಯಾವ ತೀರ್ಮಾನವನ್ನು ನೀನೇ ತೆಗೆದುಕೊಂಡೆ, ಮೂರನೆಯ ವರ್ಷ ಯಾವ ವಿನ್ಯಾಸ ನಿನ್ನದು? ಅವನ ಐದೂ ಖಾನೆಗಳಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯವಿತ್ತು: ತಪಾಸಣೆ, ಅಳತೆ, ವರದಿ.

'ಇದನ್ನು ಓದಿದರೆ ಒಂದು ವರ್ಷವನ್ನೇ ಐದು ಸಲ ಬದುಕಿದ ಹಾಗಿದೆ' ಎಂದ.

ಕೆಳಗೆ ಸಾಕ್ಷಿಗಳ ಹೆಸರಿನ ಐದು ಗೆರೆಗಳಿದ್ದವು. ಎರಡು ತುಂಬಿದ್ದವು, ಅವರಿಬ್ಬರೂ ಅವನ ಹಳೆಯ ಮೇಷ್ಟ್ರುಗಳು. ಪಿ.ಇ.ಗಳು ಇರಬೇಕಾದ ಮೂರು ಗೆರೆ ಖಾಲಿ. ಅವನ ಸೈಟಿನ ಮೇಲಧಿಕಾರಿಗೆ ಲೈಸೆನ್ಸೇ ಇರಲಿಲ್ಲ. ಕಚೇರಿಯಲ್ಲಿ ಲೈಸೆನ್ಸ್ ಇದ್ದವರು 'ನಿನ್ನ ಲೆಕ್ಕ ನಾನು ನೋಡಿಲ್ಲವಲ್ಲ, ಹೇಗೆ ಬರೆದುಕೊಡಲಿ?' ಎಂದಿದ್ದರು. ಅದು ಸುಳ್ಳಲ್ಲ. ಅವನಿಗೆ ಲೆಕ್ಕವನ್ನೇ ಕೊಟ್ಟಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಇಲ್ಲಿ ಪೂಜಾರಿ ಕೆಟ್ಟವನೂ ಅಲ್ಲ. ಅವನ ಕಣ್ಣಿಗೆ ಭಕ್ತ ಬಿದ್ದಿಲ್ಲ, ಅಷ್ಟೇ.

ಈಗ ನಾನು ಹೇಳಲೇಬೇಕಾದ ಮಾತಿದೆ. ಆ ದಿನಕ್ಕೆ ನನಗೆ ಲೈಸೆನ್ಸ್ ಬಂದು ವರ್ಷವಾಗಿತ್ತು. ನನಗೆ ಸಾಕ್ಷಿ ಹಾಕಿದ ಮೂವರು ಪಿ.ಇ.ಗಳಲ್ಲಿ ಇಬ್ಬರು ಭಾರತದವರು, ಒಬ್ಬರು ನಮ್ಮ ಕನ್ನಡದವರೇ. ಯುಗಾದಿಯ ಊಟದಲ್ಲಿ ಪರಿಚಯವಾದವರು, 'ಏನಪ್ಪಾ, ಅರ್ಜಿ ಹಾಕಿದೆಯಾ?' ಎಂದು ತಾವೇ ಕೇಳಿದರು. ಪರೀಕ್ಷೆಗೆ ಬೇಕಾದ ಪುಸ್ತಕಗಳನ್ನು ಕೊಟ್ಟವರೂ ಅವರೇ. ಆಗೆಲ್ಲ ದೊಡ್ಡ ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ. ಎಂಟು ಗಂಟೆಯ ಪರೀಕ್ಷೆ, ಪುಸ್ತಕ ನೋಡಿ ಬರೆಯಬಹುದು. ಅಭ್ಯರ್ಥಿಗಳು ಚಕ್ರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಎಳೆದುಕೊಂಡು ಬರುತ್ತಿದ್ದರು. ನನ್ನ ಪೆಟ್ಟಿಗೆಯ ಪುಸ್ತಕಗಳಲ್ಲಿ ಯಾವ ಸೂತ್ರ ಎಲ್ಲಿದೆ ಎಂದು ಹಿರಿಯರು ಬಣ್ಣದ ಚೀಟಿ ಅಂಟಿಸಿಟ್ಟಿದ್ದರು. ಅವರ ಅನುಭವವೇ ನನ್ನ ಬೆರಳಿಗೆ ದಾರಿ ತೋರಿಸಿತು. ಲೈಸೆನ್ಸ್ ಬಂದ ಮೇಲೆ ನಾನೂ ಅದೇ ಸಂಪ್ರದಾಯ ಮುಂದುವರಿಸಿದೆ. ಆ ಒಂದು ವರ್ಷದಲ್ಲಿ ನಮ್ಮ ಕಡೆಯ ಮೂವರು ಹುಡುಗರಿಗೆ ಸಹಿ ಹಾಕಿದ್ದೆ, ಅವರ ಲೆಕ್ಕಗಳನ್ನು ಸಂಜೆ ಕೂತು ನೋಡಿದ್ದೆ. ಸೈಟಿನಿಂದ ಬಂದಾಗ ನನ್ನಿಂದ ನಾಲ್ಕು ಮೇಜಿನ ಆಚೆ ಕೂರುತ್ತಿದ್ದ ಇವನನ್ನು ಒಂದು ಸಲವೂ ಕೇಳಿರಲಿಲ್ಲ.

ನನ್ನ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ. ಕಚೇರಿಯ ಬೇರೆಯವರಲ್ಲೂ ಬಹುಶಃ ಇರಲಿಲ್ಲ. ನಾವೆಲ್ಲ ನಮ್ಮ ನಮ್ಮ ಪಂಕ್ತಿಯಲ್ಲಿ ಕೂತವರಿಗೆ ಬಡಿಸುತ್ತಿದ್ದೆವು, ಅಷ್ಟೇ. ಬಿಳಿಯರಿಗೆ ಬಿಳಿಯರ ಪಂಕ್ತಿ, ನಮಗೆ ನಮ್ಮ ಪಂಕ್ತಿ. ಪಂಕ್ತಿಯೇ ಇಲ್ಲದವನು ಎಲೆ ಹಿಡಿದು ನಿಂತೇ ಇದ್ದ. ಜಾತಿಯ ಪಂಕ್ತಿಭೇದ ಕಂಡು ಬೆಳೆದ ನನಗೆ ಇದು ಮೊದಲೇ ಕಾಣಬೇಕಿತ್ತು.

ಅದಾದ ಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಒಂದು ತಡೆಗೋಡೆಯ ವಿನ್ಯಾಸವನ್ನು ಅವನಿಗೆ ಕೊಡಬೇಕೆಂದು ಮೇಲಿನವರಲ್ಲಿ ಕೇಳಿದೆ, ತಪ್ಪಿದರೆ ಹೊಣೆ ನನ್ನದೆಂದೆ. ಅವನ ಲೆಕ್ಕವನ್ನು ಸಾಲುಸಾಲಾಗಿ ನೋಡಿದೆ. ಸೈಟಿನಲ್ಲಿ ಐದು ವರ್ಷ ಮಣ್ಣಿನ ವರ್ತನೆ ಕಂಡವನು, ಗೋಡೆಯ ಹಿಂದೆ ನೀರು ನಿಲ್ಲದಂತೆ ಎಲ್ಲಿ ದಾರಿ ಬಿಡಬೇಕೆಂದು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ. ಎರಡು ವರ್ಷದಲ್ಲಿ ಅವನ ಖಾನೆಗಳು ತುಂಬಿದವು. ಅವನ ಕೆಲಸ ಕಂಡ ಮೇಲೆ ಉಳಿದಿಬ್ಬರು ಪಿ.ಇ.ಗಳು ತಾವಾಗಿಯೇ ಸಹಿ ಹಾಕಿದರು. ನನ್ನ ಪುಸ್ತಕದ ಪೆಟ್ಟಿಗೆ, ಬಣ್ಣದ ಚೀಟಿಗಳ ಸಮೇತ, ಅವನ ಕೈಗೆ ಹೋಯಿತು. ಪರೀಕ್ಷೆಯನ್ನು ಅವನು ಒಂದೇ ಸಲಕ್ಕೆ ಮುಗಿಸಿದ. ಅವನಿಗೆ ಕಷ್ಟವಾದದ್ದು ಆ ಎಂಟು ಗಂಟೆಯಲ್ಲ, ಅದರ ಹಿಂದಿನ ಏಳು ವರ್ಷ.

ಒಬ್ಬೊಬ್ಬರ ಒಳ್ಳೆಯತನದಿಂದ ಇಷ್ಟು ದೊಡ್ಡ ಕಂದಕ ತುಂಬುವುದಿಲ್ಲ, ನಿಜ. ಸಂಘಟನೆ ಬೇಕು. ಆ ಕೆಲಸವನ್ನು ವಿದ್ಯಾರ್ಥಿಗಳೇ ಶುರು ಮಾಡಿದರು. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಸೇರಿದ ಕಪ್ಪು ಹುಡುಗರಲ್ಲಿ ಬಹುಪಾಲು ಮಂದಿ ಮೊದಲ ವರ್ಷವೇ ಬಿಟ್ಟು ಹೋಗುತ್ತಿದ್ದರು. ಉಳಿದವರು ಸೇರಿ 1971ರಲ್ಲಿ ಒಂದು ಸಂಘ ಕಟ್ಟಿದರು. ಅದರಿಂದ 1975ರ ಏಪ್ರಿಲ್‌ನಲ್ಲಿ ಕಪ್ಪು ಇಂಜಿನಿಯರುಗಳ ರಾಷ್ಟ್ರೀಯ ಸಂಘ ಹುಟ್ಟಿತು. ಮೊದಲ ಸಭೆಗೆ 32 ಕಾಲೇಜುಗಳಿಂದ ಬಂದವರು 48 ವಿದ್ಯಾರ್ಥಿಗಳು. ಅದಕ್ಕೆ ಒಂದು ವರ್ಷ ಮೊದಲು ಲಾಸ್ ಏಂಜಲೀಸ್ ನಗರಾಡಳಿತದ ಕೆಲವು ಇಂಜಿನಿಯರುಗಳು ಸೇರಿ ಸ್ಪ್ಯಾನಿಷ್ ಮೂಲದವರ ಸಂಘ ಕಟ್ಟಿದ್ದರು. ಇಂಥ ಸಂಘಗಳಲ್ಲಿ ಚಿಕ್ಕವರು ಹಿರಿಯರನ್ನು ಕಾಣುತ್ತಾರೆ, ಹಿರಿಯರು ಚಿಕ್ಕವರ ಹೆಸರು ಹಿಡಿದು ಮಾತಾಡಿಸುತ್ತಾರೆ. ನಮ್ಮ ಯುಗಾದಿಯ ಊಟ ನನಗೆ ಕೊಟ್ಟದ್ದನ್ನು ಅವರು ತಮಗಾಗಿ ಕಟ್ಟಿಕೊಂಡರು.

ನಿಯಮಗಳಲ್ಲೂ ಒಳ್ಳೆಯ ಬದಲಾವಣೆ ಬಂದಿದೆ. ಈಗ ಪರೀಕ್ಷೆಗಳು ಕಂಪ್ಯೂಟರಿನಲ್ಲಿ ನಡೆಯುತ್ತವೆ, ನೋಡಬೇಕಾದ ಸೂತ್ರಗಳ ಕೈಪಿಡಿ ಎಲ್ಲರ ಪರದೆಯ ಮೇಲೂ ಒಂದೇ. ಸಿವಿಲ್ ವಿಭಾಗದಲ್ಲಿ 2022ರಿಂದ ಹಾಗಾಗಿದೆ. ಪೆಟ್ಟಿಗೆ ತುಂಬ ಪುಸ್ತಕ ಕೊಳ್ಳುವ, ಇಲ್ಲವೆ ಯಾರಿಂದಲಾದರೂ ಪಡೆಯುವ ಹಂಗು ತಪ್ಪಿತು. ಹಲವು ರಾಜ್ಯಗಳು ನಾಲ್ಕು ವರ್ಷದ ಅನುಭವಕ್ಕೆ ಕಾಯದೆ ಮೊದಲೇ ಪರೀಕ್ಷೆ ಬರೆಯಲು ಬಿಡುತ್ತಿವೆ. ಓದಿದ್ದು ತಲೆಯಲ್ಲಿ ಹಸಿಯಾಗಿರುವಾಗ, ಮನೆ ಮಕ್ಕಳ ಹೊರೆ ಹೆಗಲಿಗೆ ಬರುವ ಮೊದಲು ಬರೆದು ಮುಗಿಸಬಹುದು. ಆದರೂ ಹಣದ ತೊಡಕು ಉಳಿದಿದೆ. ದೊಡ್ಡ ಪರೀಕ್ಷೆಯ ಶುಲ್ಕವೇ ಸುಮಾರು 400 ಡಾಲರ್, ಬೋರ್ಡಿನ ಅರ್ಜಿಗೆ ಬೇರೆ ಹಣ. ಶಿಕ್ಷಣದ ಸಾಲ ತೀರಿಸುತ್ತಿರುವ ಹುಡುಗಿಗೆ ಒಂದು ಸಲ ಫೇಲಾದರೆ ಮತ್ತೆ ಕಟ್ಟುವುದು ಸುಲಭವಲ್ಲ. ಕಂಪನಿಗಳು ಆ ಹಣ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ಕೆಲಸ ಹಂಚುವಾಗ ಯಾರಿಗೆ ವಿನ್ಯಾಸ, ಯಾರಿಗೆ ಬರೀ ತಪಾಸಣೆ ಎಂದು ವರ್ಷಕ್ಕೊಮ್ಮೆ ಪಟ್ಟಿ ತೆಗೆದು ನೋಡಬೇಕು. ಬೋರ್ಡಿನ ಕಾಗದಪತ್ರಕ್ಕೆ ಕಾಣದ ಅನ್ಯಾಯ ಆ ಪಟ್ಟಿಯಲ್ಲಿ ಕಾಣುತ್ತದೆ.

ಇದೆಲ್ಲ ಕೆಲವರ ಉದ್ಯೋಗದ ಪ್ರಶ್ನೆ ಮಾತ್ರವೇ ಎಂದು ನೀವು ಕೇಳಬಹುದು. ನ್ಯೂ ಆರ್ಲಿಯನ್ಸ್ ನಗರದ ಕ್ಲೇಬೋರ್ನ್ ಬೀದಿಗೆ ನಾನು ಒಮ್ಮೆ ಹೋಗಿದ್ದೆ. ಅದು ಹಾಯ್ದುಹೋಗುವ ಟ್ರೆಮೆ ಕಪ್ಪು ಜನರ ಹಳೆಯ ಬಡಾವಣೆ. ಆ ಬೀದಿಯ ನಡುವೆ ಓಕ್ ಮರಗಳ ಸಾಲಿತ್ತು, ಮಕ್ಕಳ ಆಟ, ಹಬ್ಬದ ಮೆರವಣಿಗೆ ಎಲ್ಲ ಅದರ ನೆರಳಿನಲ್ಲೇ. 1966ರಲ್ಲಿ ಹೆದ್ದಾರಿಗಾಗಿ ಆ ಮರಗಳನ್ನು ಕಡಿದು, ಮೇಲೆ ಕಾಂಕ್ರೀಟಿನ ರಸ್ತೆ ಎತ್ತಿ ನಿಲ್ಲಿಸಿದರು. ನಾನು ನೋಡಿದಾಗ ಆ ಕಾಂಕ್ರೀಟ್ ಕಂಬಗಳ ಮೇಲೆ ಯಾರೋ ಓಕ್ ಮರಗಳ ಚಿತ್ರ ಬರೆದಿದ್ದರು. ಸೇತುವೆ ಇಂಜಿನಿಯರನಾಗಿ ಆ ಕಂಬಗಳನ್ನು ತಟ್ಟಿ ನೋಡಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಭಾರ ಹೊತ್ತು ಗಟ್ಟಿಯಾಗಿ ನಿಂತಿವೆ. ತಪ್ಪಿದ್ದು ಲೆಕ್ಕಕ್ಕಿಂತ ಮೊದಲಿನ ಗೆರೆಯಲ್ಲಿ, ರಸ್ತೆ ಎಲ್ಲಿ ಹೋಗಬೇಕೆಂದು ಎಳೆದ ಗೆರೆಯಲ್ಲಿ. ಆ ನೆರಳಿನಲ್ಲಿ ಆಡಿ ಬೆಳೆದ ಒಬ್ಬ ಇಂಜಿನಿಯರ್, ಕೈಯಲ್ಲಿ ಮೊಹರಿನ ಅಧಿಕಾರ ಇದ್ದವನು, ಆ ಮೇಜಿನ ಬಳಿ ಕೂತಿದ್ದರೆ ಒಂದು ಪ್ರಶ್ನೆಯಾದರೂ ಏಳುತ್ತಿತ್ತು.

ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಅಲ್ಲಿದ್ದಾರೆ, ಕೆಲವರು ಮೊಹರು ಪಡೆದ ಇಂಜಿನಿಯರುಗಳೇ ಆಗಿದ್ದಾರೆ. ಅವರಿಗೆ ಫೋನು ಮಾಡಿದಾಗ ಇದನ್ನು ತಿಳಿಸಿ. ನಮ್ಮವರಿಗೆ ಸಹಿ ಹಾಕುವುದು ತಪ್ಪಲ್ಲ, ಹಾಕಲಿ. ಆದರೆ ನಮ್ಮವರಿಗೆ ಬಂದು ಕೇಳುವ ಸಲಿಗೆ ಇದೆ. ಆ ಸಲಿಗೆ ಇಲ್ಲದವರು ಕೇಳುವುದಿಲ್ಲ, ಅರ್ಜಿಯ ಖಾಲಿ ಗೆರೆಗಳನ್ನು ನೋಡುತ್ತಾ ಒಬ್ಬರೇ ಕೂತಿರುತ್ತಾರೆ. ಅಂಥವರ ಮೇಜು ಬಹಳ ದೂರ ಇರುವುದಿಲ್ಲ, ನನ್ನ ಲೆಕ್ಕದಲ್ಲಿ ನಾಲ್ಕೇ ಮೇಜು. ಅಷ್ಟು ದೂರ ನಡೆಯಲು ನನಗೆ ಹಿಡಿದದ್ದು ಐದು ವರ್ಷ. ನಿಮ್ಮ ಮಕ್ಕಳು ನಾಳೆ ಬೆಳಿಗ್ಗೆಯೇ ಎದ್ದು ಹೋಗಲಿ.